ಚಾಲು ಅಂದರೆ

"ಅದೇ ಚಾಲು ಅಂದ್ಬುಡ್ತಲ್ಲ ಸ್ವಾಮಿ, ಅದಕ್ಕೇ ಆಫ್ ಮಾಡ್ಬುಟ್ಟೆ," ಎಂದಿತು ಫೋನಿನೊಳಗಿನ ಧ್ವನಿ.

ವೆಂಕಟೇಶಪ್ಪ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. "ಯಾರು ಅಂದ್ಬುಡ್ತು?"

"ನಿಮ್ ಮಿಶಿನ್ನು ಸ್ವಾಮಿ. ಬೆಳಿಗ್ಗೆ ಬಂದು ಬೀಗ ತೆಗ್ದೆ, ಊದುಬತ್ತಿ ಅಚ್ಚಿ ಕೈ ಮುಗ್ದೆ, ನೋಡ್ತೀನಿ, ಪರದೆ ಮ್ಯಾಲೆ ಬಂದೈತೆ. ಬಂಗಾರಪೇಟೆ, ಚಾಲು. ಇದೇನಪ್ಪ ಇನ್ನೂ ಕೆಲ್ಸಾನೇ ಶುರು ಮಾಡಿಲ್ಲ, ಆಗ್ಲೇ ಸಾಕು ಅಂತದೆ ಅಂದ್ಕೊಂಡು ಸುಮ್ಕಿದ್ದೆ. ಇನ್ನೊಂದ್ ಸಲ ಬಂತು. ಚಾಲು. ಮತ್ತೊಂದ್ ಸಲಾನೂ ಅದೇ. ಅಷ್ಟು ಸಲ ಏಳ್ಸ್ಕೊಂಡೂ ಕುಂತಿದ್ರೆ ನಾನೇನು ಎಮ್ಮೆಯಾ? ನೀವು ಏಳ್ಕೊಟ್ಟಂಗೇ ಅದನ್ನ ನಿದಾನಕ್ಕೆ ಮಲಗ್ಸಿ, ಆಮೇಲೆ ಸ್ವಿಚ್ಚು ತೆಗ್ದೆ. ನಡುವಿನಾಗೆ ಕರೆಂಟ್ ಕಿತ್ತಾಕ್ಲಿಲ್ಲ, ದೇವ್ರಾಣೆ."

ಮಾತಾಡುತ್ತಿದ್ದವನು ಮುನಿಸ್ವಾಮಪ್ಪ. ಬಂಗಾರಪೇಟೆ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ ಕಾರ್ಖಾನೆಯ ಕಬ್ಬಿಣದ ಯಾರ್ಡು ಇದೆಯಲ್ಲ, ಅಲ್ಲಿ ತೂಕ ಬರೆಯುವವನು. ವ್ಯಾಗನ್ನಿನಲ್ಲಿ ಬಂದ ತಗಡು, ಸರಳು, ಎಲ್ಲ ಅವನ ಕಣ್ಣೆದುರೇ ಇಳಿಯಬೇಕು. ಹೋದ ವರ್ಷ ಅವನ ತಕ್ಕಡಿಯ ಪಕ್ಕಕ್ಕೆ ಒಂದು ಕಂಪ್ಯೂಟರ್ ತಂದಿಟ್ಟು, ಇನ್ನು ಮೇಲೆ ಇದರೊಳಗೆ ಬರಿ ಎಂದಿದ್ದರು. ಅವನು ಎರಡೇ ಎರಡು ಬೆರಳಿನಲ್ಲಿ ಬರೆಯುವುದು ಕಲಿತ. ವೆಂಕಟೇಶಪ್ಪ ಅವನಿಗೆ ಮೊದಲ ದಿನವೇ ಹೇಳಿಕೊಟ್ಟ ಪಾಠ ಒಂದು: ಪರದೆಯ ಮೇಲೆ ಏನು ಬರುತ್ತದೋ ಹಾಗೆ ಮಾಡಿ. ಕಾಗದ ಹಾಕು ಎಂದರೆ ಹಾಕಿ, ಟೇಪು ತೆಗೆ ಎಂದರೆ ತೆಗೆಯಿರಿ. ಪಾಪ, ಅವನು ಹಾಗೇ ಮಾಡಿದ್ದ.

"ಸರಿ ಮುನಿಸ್ವಾಮಪ್ಪನೋರೆ. ಏನೂ ಮುಟ್ಬೇಡಿ. ನಾನೇ ಬತ್ತೀನಿ," ಎಂದು ವೆಂಕಟೇಶಪ್ಪ ಫೋನಿಟ್ಟ.

ಇತ್ತ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಅಷ್ಟು ಹೊತ್ತಿಗಾಗಲೇ ನಗು ಎದ್ದಿತ್ತು. ಮುನಿಸ್ವಾಮಪ್ಪನ ಗಂಟಲು ವ್ಯಾಗನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದದ್ದು. ಫೋನು ಹಿಡಿಯದವರಿಗೂ ಕೇಳಿಸುತ್ತಿತ್ತು. ಆಂಡರ್ಸನ್‌ಪೇಟೆಯ ಕುಪ್ಪುಸ್ವಾಮಿ ಟೇಬಲ್ಲಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ಗದಗಿನ ಕಡೆಯಿಂದ ವರ್ಗವಾಗಿ ಬಂದ ಫಕ್ಕೀರಪ್ಪ ಮಾತ್ರ ಇಬ್ಬರ ಮುಖವನ್ನೂ ನೋಡುತ್ತಿದ್ದ.

"ಯಾಕ್ರೀ? ಚಾಲೂ ಅಂದ್ರ ನಡದೈತಿ ಅಂತಲ್ರೀ? ಚಾಲೂ ಐತಿ ಅಂದ್ರ ಬಂದ್ ಯಾಕ ಮಾಡಿದಾ ಆ ಮನಷ್ಯಾ?"

"ಅಯ್ಯೋ ಸಾಮಿ," ಎಂದ ಕುಪ್ಪುಸ್ವಾಮಿ ಕಣ್ಣೊರೆಸಿಕೊಳ್ಳುತ್ತ, "ಅವ್ರ ಮನೇಲಿ ತೆಲುಗು. ತೆಲುಗಲ್ಲಿ ಚಾಲು ಅಂದ್ರೆ ಸಾಕು. ನಮ್ಮ ತಮಿಳಲ್ಲಿ ಪೋದುಂ, ಇವರ ಕನ್ನಡದಲ್ಲಿ ಸಾಕು, ಅವರ ತೆಲುಗಲ್ಲಿ ಚಾಲು. ನೀವು ನಡೀತದೆ ಅಂತ ಬರ್ದ್ರಿ. ಅದು ನಿಲ್ಸೋ ಅಂತ ಕೇಳ್ಸ್‌ತು. ಯಾರ್ ತಪ್ಪು?"

"ಹೌದೇನ್ರೀ! ಎರಡು ವರ್ಷ ಆತು ಈ ಊರಿಗೆ ಬಂದು, ಒಬ್ಬರಾರ ಹೇಳಬಾರದಾ?" ಎಂದು ಫಕ್ಕೀರಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮಾತನ್ನು ಸೂಚಿಸಿದವನೇ ಅವನು.

ವೆಂಕಟೇಶಪ್ಪನ ಬಾಯೂ ನಕ್ಕಿತು. ಈಚೆಗೆ ಅವನು ಅದನ್ನು ಅಭ್ಯಾಸ ಮಾಡಿಕೊಂಡಿದ್ದ. ನಾಲ್ಕು ಜನ ನಕ್ಕಾಗ ತಾನೂ ನಕ್ಕುಬಿಟ್ಟರೆ ಯಾರೂ ಮುಖ ನೋಡಿ ಏನೂ ಕೇಳುವುದಿಲ್ಲ.

ಈ ಮಾತು ಪರದೆಯ ಮೇಲೆ ಬಂದದ್ದು ಹೇಗೆ ಎಂದು ಹೇಳಬೇಕು. ಕಾರ್ಖಾನೆಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಸಂಬಳದ್ದೊಂದು, ನಕ್ಷೆಯದ್ದೊಂದು, ಊರಿಗಾಂ ಉಗ್ರಾಣದ್ದೊಂದು, ಬಂಗಾರಪೇಟೆ ಯಾರ್ಡಿನದೊಂದು. ಕೇಳಿದರೆ ನಾಲ್ಕೂ ಯುನಿಕ್ಸ್ ಎಂಬ ಒಂದೇ ಕುಲದವು. ಆದರೆ ನಾಲ್ಕು ಕಂಪನಿಗಳು ಮಾಡಿದ್ದು, ನಾಲ್ಕು ಸಲ ಟೆಂಡರ್ ಕರೆದು ಕೊಂಡದ್ದು. ಒಂದೇ ಪ್ರಶ್ನೆಯನ್ನು ಒಂದೇ ಅಕ್ಷರಗಳಲ್ಲಿ ಕೇಳಿದರೂ ನಾಲ್ಕೂ ನಾಲ್ಕು ರೀತಿ ಹೇಳುತ್ತಿದ್ದವು. ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದರೆ ಒಂದು ತುಂಬಿದ್ದನ್ನು ಮೊದಲು ಹೇಳುತ್ತಿತ್ತು, ಇನ್ನೊಂದು ಖಾಲಿ ಉಳಿದದ್ದನ್ನು. ಒಂದರ ಅಳತೆ ಸೇರು, ಇನ್ನೊಂದರದು ಅರ್ಧ ಸೇರು ಎನ್ನುವ ಹಾಗೆ. ತಿಳಿಯದೆ ಓದಿದರೆ ಖಾಲಿ ಮನೆ ತುಂಬಿದ ಹಾಗೆ ಕಾಣಬೇಕು. ಏನೇನು ಕೆಲಸ ನಡೆಯುತ್ತಿದೆ ಎಂದು ಕೇಳುವಾಗ ಒಂದಕ್ಕೆ ಅಕ್ಷರದ ಹಿಂದೆ ಒಂದು ಅಡ್ಡ ಗೀಟು ಹಾಕಿ ಕೇಳಬೇಕು, ಇನ್ನೊಂದಕ್ಕೆ ಗೀಟು ಹಾಕಿದರೆ ಸಿಟ್ಟು.

ವೆಂಕಟೇಶಪ್ಪ ಈ ನಾಲ್ಕರ ಮೇಲೂ ಕಣ್ಣಿಡುವ ಒಂದು ಪ್ರೋಗ್ರಾಮ್ ಬರೆದಿದ್ದ. ಹೆಸರು ಕಾವಲು. ಅದು ಕಾಲುಗಂಟೆಗೊಮ್ಮೆ ಟೆಲಿಫೋನ್ ತಂತಿಯ ಮೇಲೆ ನಾಲ್ಕನ್ನೂ ಮಾತಾಡಿಸಿ, ಪ್ರತಿಯೊಂದರ ಉತ್ತರವನ್ನೂ ಅದರದರ ಭಾಷೆಯಲ್ಲಿ ಅರ್ಥ ಮಾಡಿಕೊಂಡು, ಎಲ್ಲ ಪರದೆಗಳ ಮೇಲೂ ಒಂದೊಂದು ಸಾಲು ಬರೆಯುತ್ತಿತ್ತು. ಕೊನೆಯ ಕಾಲಮ್ಮಿನಲ್ಲಿ ಒಂದೇ ಒಂದು ಮಾತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಡೆಯುತ್ತಿದೆ ಎಂದು ಬರೆಯೋಣವೆಂದರೆ ಕಾಲಮ್ಮಿಗೆ ಹಿಡಿಸಲಿಲ್ಲ. ಆಗ ಫಕ್ಕೀರಪ್ಪ, "ಚಾಲೂ ಅಂತ ಹಾಕ್ರಿ, ಸಣ್ಣ ಮಾತು," ಎಂದಿದ್ದ. ಹಿಂದಿನ ಸಂಜೆಯಷ್ಟೇ ವೆಂಕಟೇಶಪ್ಪ ಎರಡು ಸಲ ಯೋಚಿಸದೆ ಅದನ್ನು ಹಾಕಿದ್ದ. ಆ ಮಾತು ಅವನಿಗೆ ಬೇಕಾಗಿತ್ತು.

ಯಾಕೆ ಬೇಕಾಗಿತ್ತೆಂದರೆ, ಅವನ ಹೆಂಡತಿ ಆದಿಲಕ್ಷ್ಮಿಯ ವಿಷಯದಲ್ಲಿ ಅವನ ಹತ್ತಿರ ಉಳಿದಿದ್ದದ್ದು ಆ ಮಾತೊಂದೇ.

ಅವಳಿಗೆ ಕಿಡ್ನಿ ಕೆಟ್ಟಿತ್ತು. ಆಷಾಢದಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ, ಜೊತೆಗೆ ಅವಳ ತಾಯಿ ಕದಿರಮ್ಮನನ್ನು ಬಿಟ್ಟು, ಊರಿಗಾಂ ಉಗ್ರಾಣದ ಕಂಪ್ಯೂಟರನ್ನು ಕಾವಲಿಗೆ ಸೇರಿಸುವ ಕೆಲಸಕ್ಕೆಂದು ಅವನು ಬಂದಿದ್ದ. ಉಗ್ರಾಣದಲ್ಲಿ ತಂತಿ ಎಳೆಯುತ್ತಿದ್ದಾಗ ಫಕ್ಕೀರಪ್ಪ ಅಲ್ಲಿಗೆ ಫೋನು ಮಾಡಿದ. "ನಿಮ್ಮ ಅತ್ತಿಯವರು ದವಾಖಾನಿಂದ ಆಫೀಸಿಗೆ ಫೋನ್ ಮಾಡಿದ್ರು. ಎಲ್ಲಾ ಚಾಲೂ ಐತಂತ್ರೀ. ಕಾಳಜಿ ಮಾಡಬ್ಯಾಡ್ರಿ." ವೆಂಕಟೇಶಪ್ಪ ಕಾಳಜಿ ಮಾಡಲಿಲ್ಲ. ಅವತ್ತೂ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಹೋಗುವ ಹೊತ್ತಿಗೆ ಆಸ್ಪತ್ರೆಯವರು ಅವಳ ಮಂಚಕ್ಕೆ ಬೇರೆ ಹಾಸಿಗೆ ಹಾಕುತ್ತಿದ್ದರು.

ಚೆನ್ನಾಗಿದ್ದಳು, ಇದ್ದಕ್ಕಿದ್ದಂತೆ ಹೋದಳು. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದದ್ದು ಇಷ್ಟೆ. ಹೇಳಿ ಹೇಳಿ ತಾನೂ ಅದನ್ನೇ ನಂಬಿ ಕೂತಿದ್ದ. ಅಳು ಬರಲಿಲ್ಲ. ಸ್ನಾನದ ನೀರು ಬಿಸಿಯೋ ತಣ್ಣಗೋ ಮೈಗೆ ತಿಳಿಯುತ್ತಿರಲಿಲ್ಲ. ಹನ್ನೊಂದನೆಯ ದಿನ ಮುಗಿದ ಮೇಲೆ ಕದಿರಮ್ಮ ಮೊಮ್ಮಗಳು ಸುಗುಣಳನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದಳು. ಅವತ್ತಿನಿಂದ ಅಳಿಯನ ಜೊತೆ ನೇರವಾಗಿ ಒಂದು ಮಾತು ಆಡಿಲ್ಲ. ಅವನು ಭಾನುವಾರ ಭಾನುವಾರ ಹೋಗುತ್ತಿದ್ದ, ಮಗುವನ್ನು ನೋಡುತ್ತಿದ್ದ, ಬರುತ್ತಿದ್ದ. ಮಗುವನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಬೇಕೆನ್ನಿಸುತ್ತಿತ್ತು. ಅತ್ತೆಯ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ. ಮಗಳು ಹೋದ ದುಃಖಕ್ಕೆ ಹಾಗಿದ್ದಾಳೆ ಎಂದುಕೊಂಡಿದ್ದ.

ಬಂಗಾರಪೇಟೆಯ ತಂತಿ ಬಲು ನಿಧಾನದ್ದು. ಇಲ್ಲಿ ಅಕ್ಷರ ಒತ್ತಿದರೆ ಪರದೆಯ ಮೇಲೆ ಮೂಡುವ ಹೊತ್ತಿಗೆ ಒಂದು ಗುಟುಕು ಕಾಫಿ ಕುಡಿಯಬಹುದು. ಹಾಗೇ, ಕುಪ್ಪುಸ್ವಾಮಿ ಹೇಳಿದ್ದು ವೆಂಕಟೇಶಪ್ಪನ ಒಳಗೆ ತಡವಾಗಿ ಮೂಡಿತು. ನಗು ಮುಗಿದು ಎಲ್ಲರೂ ಅವರವರ ಕೆಲಸಕ್ಕೆ ತಿರುಗಿದ್ದರು. ಕದಿರಮ್ಮನ ಮನೆಯಲ್ಲೂ ತೆಲುಗೇ. ಗಡಿ ಸೀಮೆಯ ಸಂಬಂಧ. ಒಂದೇ ಕುಲ, ಎರಡು ನಾಲಗೆ. ಚಾಲು ಅಂದರೆ ಏನೆಂದು ವೆಂಕಟೇಶಪ್ಪನಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಆ ಮಾತು ಅವನಿಗೆ ಬಂದದ್ದು ಫಕ್ಕೀರಪ್ಪನ ಬಾಯಿಂದ.

ಅವನು ಎದ್ದು ಫಕ್ಕೀರಪ್ಪನ ಮೇಜಿನ ಹತ್ತಿರ ಹೋಗಿ ನಿಂತ.

"ಫಕ್ಕೀರಪ್ಪನೋರೆ, ಆಷಾಢದಾಗೆ ನಮ್ಮತ್ತೆ ಫೋನ್ ಮಾಡಿದ್ರಲ್ಲ. ಅವತ್ತು ಏನಂದ್ರು? ನೀವು ನನಗೆ ಹೇಳಿದ್ದಲ್ಲ, ಅವರು ಅಂದಿದ್ದು."

ಫಕ್ಕೀರಪ್ಪನಿಗೆ ಜನರ ಮಾತಿನ ಅನುಕರಣೆ ಎಂದರೆ ಬೆಲ್ಲ. ಕೈಯಲ್ಲಿದ್ದ ಪೆನ್ನನ್ನೇ ಫೋನು ಮಾಡಿಕೊಂಡು ಕಿವಿಗಿಟ್ಟ. "ಭಾಳ ಗದ್ಲ ಇತ್ರೀ ಅಲ್ಲಿ. ಹಲೋ ಹಲೋ ಅಂದ್ರು. ನಾ ಅಂದೆ, ವೆಂಕಟೇಶಪ್ಪ ಇಲ್ರೀ, ಏನು ಹೇಳಬೇಕು ಹೇಳ್ರಿ. ಅದಕ್ಕ ಅವರು, ಅಮ್ಮಾಯಿ ಚಾಲು ಅಂತಾಂದಿ, ಅಂದ್ರು. ತೆಲುಗು ನನಗೇನು ತಿಳೀತೈತಿ? ಆದ್ರ ಚಾಲೂ ಅಂದದ್ದು ತಿಳೀತಲ್ಲ. ಚಾಲೂನಾ? ಅಂದೆ. ಚಾಲು ಚಾಲು ಅಂದ್ರು. ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡೇನ್ರೀ ನಾನು, ಹಂಗ ಸುಮ್ಮನ ಹೇಳಾಂವ ಅಲ್ಲ. ಆಮ್ಯಾಲ ಯಾರೋ ರಮ್ಮಣ್ಣ ಅಂತ ಹೆಸರು ಹೇಳಿದ್ರು."

"ರಮ್ಮಣ್ಣ?"

"ರಮ್ಮಣ್ಣ, ರಮ್ಮಣ್ಣ ಅಂತ ಅಂದ್ರಪಾ. ರಮ್ಮಣ್ಣನವರು ಜೋಡಿ ಅದಾರ, ಅದಕ್ಕ ಚಿಂತಿಲ್ಲ ಅಂತ ನಾ ತಿಳ್ಕೊಂಡೆ. ಯಾರ್ರೀ ಅವರು? ನಿಮ್ಮ ಸಂಬಂಧಿಕರೇನು?"

ರಮ್ಮನು. ತೆಲುಗಿನಲ್ಲಿ, ಬರಲು ಹೇಳು. ಅಮ್ಮಾಯಿ ಚಾಲು ಅಂತಾಂದಿ, ರಮ್ಮನು. ಹುಡುಗಿ ಸಾಕು ಅನ್ನುತ್ತಿದ್ದಾಳೆ, ಅವನಿಗೆ ಬರಲು ಹೇಳು.

"ಹೂಂ," ಎಂದ ವೆಂಕಟೇಶಪ್ಪ. "ದೂರದ ಸಂಬಂಧ."

"ಯಾಕ ಕೇಳಿದ್ರಿ?"

"ಏನಿಲ್ಲ. ಹಂಗೇ ನೆನಪಾಯ್ತು."

ಫಕ್ಕೀರಪ್ಪ ಪೆನ್ನನ್ನು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರಾಡಿತು. ಬೇರೆಯವರ ಸಂಕಟಕ್ಕೆ ಬೇಗ ಕರಗುವ ಮನುಷ್ಯ. ಆಷಾಢದಿಂದ ಈಚೆಗೆ ಅವನ ಹೆಂಡತಿ ದಿನಾ ವೆಂಕಟೇಶಪ್ಪನ ಪಾಲಿಗೆಂದು ಎರಡು ಜೋಳದ ರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದಳು. ಈಗಲೂ ಅವನು ಮೇಜಿನ ಕೆಳಗಿಂದ ಗಂಟು ತೆಗೆದು, "ಬಂಗಾರಪ್ಯಾಟಿಗೆ ಹೊಂಟೀರಲ್ಲ, ಗಾಡ್ಯಾಗ ತಿನ್ರಿ," ಎಂದು ಕೈಗಿಟ್ಟ. ವೆಂಕಟೇಶಪ್ಪ ಇಸಿದುಕೊಂಡ.

ಬಾಗಿಲು ದಾಟುವಾಗ ಕುಪ್ಪುಸ್ವಾಮಿ ಹಿಂದಿನಿಂದ ಕೂಗಿದ. "ಸರಿ ಅಂತ ಹಾಕಪ್ಪಾ! ಕನ್ನಡಕ್ಕೂ ಸರಿ, ತೆಲುಗಿಗೂ ಸರಿ, ತಮಿಳಿಗೂ ಸರಿ!"

"ನಮ್ಮ ಕಡೆ ಸರಿ ಅಂದ್ರ ಬಾಜೂ ಸರಿ ಅಂತನೂ ಆಗತೈತ್ರೀ," ಎಂದ ಫಕ್ಕೀರಪ್ಪ. "ಮುನಿಸ್ವಾಮಪ್ಪ ಎದ್ದು ಮೂಲ್ಯಾಗ ನಿಂತಾನು, ನೋಡ್ರಿ!"

ಮತ್ತೆ ನಗು. ವೆಂಕಟೇಶಪ್ಪ ಮೆಟ್ಟಿಲಿಳಿದ.

ಮಾರಿಕುಪ್ಪಮ್ಮಿನಿಂದ ಬಂದ ಪ್ಯಾಸೆಂಜರ್ ರೈಲನ್ನು ಅವನು ಊರಿಗಾಂನಲ್ಲಿ ಹತ್ತಿದ. ಕಿಟಕಿಯಾಚೆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಎಂದಿನ ಹಾಗೆ ಬಿಳಿಚಿಕೊಂಡು ಕೂತಿದ್ದವು. ಎದುರಿಗೆ ಕೂತ ಹೆಂಗಸೊಬ್ಬಳು, "ಟೈಮ್ ಎಷ್ಟಾಯ್ತಣ್ಣಾ?" ಎಂದು ಕೇಳಿದಳು. ಅವನು ಕೈಗಡಿಯಾರ ನೋಡಿದ, ಮುಳ್ಳು ಕಂಡಿತು, ಹೇಳುವುದನ್ನು ಮರೆತ. ಅವಳು ಪಕ್ಕದವನನ್ನು ಕೇಳಿಕೊಂಡಳು. ಈಗ ಏನಾದರೂ ಆಗಬೇಕು, ಎದೆಯಲ್ಲಿ ಏನೋ ಒಡೆಯಬೇಕು ಎಂದು ಅವನು ಕಾಯುತ್ತಿದ್ದ. ಏನೂ ಆಗಲಿಲ್ಲ. ರೊಟ್ಟಿಯ ಗಂಟು ತೊಡೆಯ ಮೇಲಿತ್ತು. ಎಲ್ಲೋ ಬಿಚ್ಚಿದ, ಎಲ್ಲೋ ತಿಂದ. ಶೇಂಗಾ ಚಟ್ನಿ ಖಾರವಾಗಿತ್ತೋ ಇಲ್ಲವೋ.

ಯಾರ್ಡಿನ ಬಾಗಿಲಲ್ಲೇ ಮುನಿಸ್ವಾಮಪ್ಪ ಟವೆಲು ಹೆಗಲಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ಬೈದ್ಬುಡಿ ಸ್ವಾಮಿ. ಬೈಸ್ಕೊಂಡ್ರೆ ನಂಗೆ ಊಟ ಸೇರ್ತದೆ."

"ನಿಮ್ಮ ತಪ್ಪೇನಿಲ್ಲ. ಮಾತು ಹಾಕಿದೋನು ನಾನು."

"ಅಂಗಂತೀರಾ? ಅಂಗಾದ್ರೆ ಟೀ ತರ್ಸ್ತೀನಿ."

ವೆಂಕಟೇಶಪ್ಪ ಸ್ವಿಚ್ಚು ಹಾಕಿದ. ನಾಲ್ಕರಲ್ಲಿ ಹಳೆಯದು ಅದೇ. ಎದ್ದ ಮೇಲೆ ತನ್ನ ಡಿಸ್ಕನ್ನು ಮೂಲೆಮೂಲೆಗೂ ತಡವಿ ನೋಡಿಕೊಂಡು ಆಮೇಲೆ ಮಾತಿಗೆ ಬರುವುದು. ಟೀ ಬಂತು. ಅವನು ಕಾವಲಿನ ಬಂಗಾರಪೇಟೆಯ ಭಾಗವನ್ನು ತೆಗೆದು, ಚಾಲು ಇದ್ದ ಕಡೆ ಸರಿ ಎಂದು ಬರೆದ. ಅಷ್ಟೇ ಕೆಲಸ. ಬೆರಳುಗಳು ತಮ್ಮ ಪಾಡಿಗೆ ತಾವು ಮಾಡಿದವು.

ಮುನಿಸ್ವಾಮಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದ. "ಸರಿ ಅಂದ್ರೆ ನಾನೇನು ಮಾಡ್ಬೇಕು ಸ್ವಾಮಿ?"

"ಏನೂ ಮಾಡ್ಬೇಡಿ."

"ಏನೂ ಮಾಡಂಗಿಲ್ಲ ಅಂದ್ಮ್ಯಾಕೆ ಯಾಕೆ ಏಳ್ಬೇಕು, ಕಾಲ್ಗಂಟೆಗೊಂದ್ಸಲ? ನಾನು ನಮ್ಮನೆಯಾಗೆ ಸರಿಯಾಗಿವ್ನಿ, ಸರಿಯಾಗಿವ್ನಿ ಅಂತ ಕಾಲ್ಗಂಟೆಗೊಂದ್ಸಲ ಏಳ್ತಾ ಓದ್ರೆ ನಮ್ಮೋಳು ತಾಯಿತ ಕಟ್ಸಕ್ಕೆ ಕರ್ಕೊಂಡೋಯ್ತಾಳೆ."

"ಕೇಳಿದ್ದಕ್ಕೆ ಉತ್ತರ ಬಂದ್ರೆ ಸರಿ ಇದೆ ಅಂತ ನಾವು ತಿಳ್ಕೋತೀವಿ."

"ತಿಳ್ಕೋತೀರಿ. ಬಂದು ನೋಡಾದಿಲ್ಲ."

"ಇಲ್ಲ," ಎಂದ ವೆಂಕಟೇಶಪ್ಪ. "ನೋಡೋದಿಲ್ಲ."

"ಟೀ ಆರೋಯ್ತದೆ, ಕುಡೀರಿ."

ಕದಿರಮ್ಮನ ಮನೆ ರೈಲ್ವೆ ಗೇಟಿನಾಚೆ. ಎರಡು ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಜೀವನ ಮಾಡುವವಳು. ಅವನು ಹೋದಾಗ ಸಂಜೆಯ ಹಾಲು ಹಾಕಿ ಬಂದು, ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದಳು. ಸುಗುಣ ಬಾಗಿಲಲ್ಲಿ ಕೂತು ಹುಣಸೆ ಬೀಜ ಆಡುತ್ತಿದ್ದಳು. ಅಪ್ಪನನ್ನು ಕಂಡು ಬೀಜ ಚೆಲ್ಲಿ ಎದ್ದಳು.

ಒಳಗಿಂದ ಕದಿರಮ್ಮ ತೆಲುಗಿನಲ್ಲಿ ಏನೋ ಅಂದಳು. ಸುಗುಣ ಅದನ್ನು ಕನ್ನಡದಲ್ಲಿ ಅಪ್ಪನಿಗೆ ದಾಟಿಸಿದಳು. "ಇವತ್ತು ಭಾನುವಾರ ಅಲ್ವಲ್ಲ ಅಂತೆ."

ಇದು ಅವಳಿಗೆ ಆಟವಾಗಿತ್ತು. ಅವ್ವನ ಮಾತು ಅಪ್ಪನಿಗೆ ತಿಳಿಯುತ್ತದೆ, ಅಪ್ಪನ ಮಾತು ಅವ್ವನಿಗೆ ತಿಳಿಯುತ್ತದೆ. ಆದರೂ ನಡುವೆ ತಾನಿಲ್ಲದೆ ಯಾವ ಮಾತೂ ದಾಟುವ ಹಾಗಿಲ್ಲ. ಆರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಅಧಿಕಾರ ಬೇಕೆ? ತಾಯಿಯ ತಾಯಿಯನ್ನು ಆ ಮನೆಯ ರೂಢಿಯಂತೆ ಅವಳು ಅವ್ವ ಎನ್ನುತ್ತಿದ್ದಳು.

"ಯಾರ್ಡಿನಾಗೆ ಕೆಲಸ ಇತ್ತು ಅಂತ ಹೇಳಮ್ಮ."

"ಯಾರ್ಡಿನಾಗೆ ಕೆಲಸ ಇತ್ತಂತೆ ಅವ್ವಾ!"

ಒಳಗೆ ಪಾತ್ರೆಯೊಂದು ನೆಲಕ್ಕೆ ಬಡಿಯಿತು. "ಕೆಲಸ ಇಲ್ದೆ ಬತ್ತಾನಾ?" ಈ ಸಲ ಕನ್ನಡದಲ್ಲಿ, ಆದರೆ ಒಲೆಗೆ ಹೇಳಿದ ಹಾಗೆ. ಸುಗುಣ ಅದನ್ನೂ ದಾಟಿಸಲು ಬಾಯಿ ತೆರೆದಳು.

"ಸುಗುಣಾ, ಓಗಿ ಹಿತ್ಲಾಗೆ ಕರಿಬೇವು ಕಿತ್ಕೊಂಡ್ ಬಾ," ಎಂದ ವೆಂಕಟೇಶಪ್ಪ.

ಮಗು ಅವ್ವನ ಮುಖ ನೋಡಿತು, ಓಡಿತು. ಅವನು ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲಿನ ಈಚೆ ಕೂತ. ಕದಿರಮ್ಮ ಎಸರಿಗೆ ರಾಗಿ ಹಿಟ್ಟು ಸುರಿದು, ಪಾತ್ರೆಯನ್ನು ಎರಡು ಪಾದಗಳ ನಡುವೆ ಹಿಡಿದು, ಕೋಲಿನಿಂದ ತೊಳಸಲು ಶುರು ಮಾಡಿದ್ದಳು. ಒಮ್ಮೆ ಶುರು ಮಾಡಿದ ಮೇಲೆ ಕೈ ಬಿಡುವ ಹಾಗಿಲ್ಲ, ಬಿಟ್ಟರೆ ಗಂಟುಗಂಟಾಗುತ್ತದೆ.

"ಅತ್ತೆ," ಎಂದ. ಅಷ್ಟು ತಿಂಗಳಾದ ಮೇಲೆ ನೇರವಾಗಿ ಕರೆದದ್ದು. "ನೀವು ಅವತ್ತು ಫೋನಿನಾಗೆ ಹೇಳಿದ್ದು ನಂಗೆ ಮುಟ್ಲಿಲ್ಲ."

ಕೋಲು ತಿರುಗುತ್ತಲೇ ಇತ್ತು.

"ನಾನು ಊರಿಗಾಂನಾಗಿದ್ದೆ. ಆಪೀಸಿನಾಗೆ ಫೋನ್ ತಗೊಂಡೋರಿಗೆ ತೆಲುಗು ಬರಾಕಿಲ್ಲ. ಅವರ ಕಡೆ ಚಾಲು ಅಂದ್ರೆ ನಡೀತಾ ಐತೆ, ಚೆನ್ನಾಗೈತೆ ಅಂತ. ನಂಗೆ ಅಂಗೇ ಹೇಳಿದ್ರು. ಎಲ್ಲಾ ಚಾಲೂ ಅಂತ."

"ಚಾಲೂ ಅಂತ," ಎಂದಳು ಕದಿರಮ್ಮ.

"ಊಂ."

"ನಾನು ರಮ್ಮನು ಅಂದೆ. ಎರಡು ಕಿತ ಅಂದೆ."

"ಅದನ್ನ ಯಾರದೋ ಹೆಸರು ಅಂದ್ಕೊಂಡ್ರಂತೆ."

ಒಲೆಯಲ್ಲಿ ಸೌದೆ ಜಾರಿತು. ಕದಿರಮ್ಮ ಒಂದು ಪಾದ ಬಿಡಿಸಿಕೊಂಡು ಅದರಿಂದಲೇ ಸೌದೆಯನ್ನು ಒಳಕ್ಕೆ ತಳ್ಳಿದಳು. ಹಣೆಯ ಬೆವರು ಮುದ್ದೆಗೆ ಬೀಳದ ಹಾಗೆ ತೋಳಿಗೆ ಒರೆಸಿಕೊಂಡಳು.

"ಅವ್ಳು ಸೂಜಿ ಸಾಕು, ನಳಿಗೆ ಸಾಕು ಅಂದ್ಳು. ಮನೆಗೆ ಕರ್ಕೊಂಡೋಗಕ್ಕೆ ಏಳು, ಅವ್ರು ಬಂದ್ರೆ ಮಾತ್ರ ಈ ಆಸ್ಪತ್ರೆಯೋರು ಕಳಿಸ್ತಾರೆ ಅಂದ್ಳು. ನಾನು ಓಗಿ ಫೋನ್ ಮಾಡ್ ಬಂದೆ. ಬತ್ತಾನೆ ಕಣಮ್ಮ, ಅವರ ಆಪೀಸಿನೋರು ಚಾಲು ಚಾಲು ಅಂತ ಎರಡೆರಡು ಕಿತ ಕೇಳಿ ಅರ್ಥ ಮಾಡ್ಕೊಂಡ್ರು ಅಂದೆ. ಎರಡು ದಿನ ಬಾಗ್ಲು ನೋಡಿದ್ಳು. ಯಾರಾದ್ರೂ ಚಪ್ಲಿ ಸದ್ದು ಮಾಡ್ಕೊಂಡ್ ಬಂದ್ರೆ ಸೆರಗು ಸರಿ ಮಾಡ್ಕೊಳ್ಳೋಳು."

ವೆಂಕಟೇಶಪ್ಪ ಕೇಳುತ್ತಿದ್ದ. ಪ್ರತಿ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ನೆಲದ ಮೇಲೆ ಒಂದು ಇರುವೆ ರಾಗಿ ಹಿಟ್ಟಿನ ಕಣವೊಂದನ್ನು ಹೊತ್ತು ಹೊಸ್ತಿಲು ಹತ್ತುತ್ತಿತ್ತು. ಅದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

"ನಾನು ಅಂದ್ಕೊಂಡೆ, ಅವನ್ಗೆ ಮಿಶಿನ್ನೇ ಎಚ್ಚಾಯ್ತು ಅಂತ. ಏಳಿ ಕಳ್ಸಿದ್ರೂ ಬರ್ಲಿಲ್ಲ ಅಂತ."

"ಊಂ."

"ನೀನೂ ಏನೂ ಅನ್ಲಿಲ್ಲ. ಹನ್ನೊಂದು ದಿನ ಇದ್ದೆ. ಒಂದು ಮಾತು ಅನ್ಲಿಲ್ಲ."

"ಅವಳು ಚೆನ್ನಾಗಿದ್ಳು ಅಂದ್ಕೊಂಡಿದ್ದೆ ಅತ್ತೆ."

ಕದಿರಮ್ಮ ತೊಳಸುವುದನ್ನು ನಿಲ್ಲಿಸಿದಳು. ಗಂಟಾದರೂ ಆಗಲಿ ಎನ್ನುವ ಹಾಗೆ ಕೋಲನ್ನು ಹಾಗೇ ಹಿಡಿದು, ಮೊದಲ ಸಲ ಅವನ ಮುಖ ನೋಡಿದಳು.

"ಚೆನ್ನಾಗವ್ಳೆ ಅಂತ ಕೇಳಿದ್ಮ್ಯಾಗೆ ಒಂದು ಫೋನು ಮಾಡ್ಬೋದಾಗಿತ್ತಲ್ಲಪ್ಪ. ಚೆನ್ನಾಗಿದೀಯಾ ಅಂತ. ಅವಳ ಬಾಯಾಗೇ ಕೇಳ್ಬೋದಾಗಿತ್ತಲ್ಲ."

"ಮಾಡ್ಬೋದಾಗಿತ್ತು," ಎಂದ ವೆಂಕಟೇಶಪ್ಪ.

ಅವಳು ಕೋಲಿಗೆ ಅಂಟಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಒರೆಸಿದಳು.

"ಯಾರು ಅವ್ನು, ಫೋನ್ ತಗೊಂಡೋನು?"

ಶೇಂಗಾ ಚಟ್ನಿಯ ಎಣ್ಣೆ ಅವನ ಬೆರಳ ಸಂದಿಯಲ್ಲಿ ಇನ್ನೂ ಇತ್ತು. "ಯಾರೋ ಆಪೀಸಿನೋರು. ಈಗ ಅಲ್ಲಿಲ್ಲ."

ಕದಿರಮ್ಮ ಮತ್ತೆ ಕೋಲು ತಿರುಗಿಸಿದಳು. ಮುದ್ದೆಯನ್ನು ಮಣೆಯ ಮೇಲೆ ಹಾಕಿ, ಕೈ ನೀರಿನಲ್ಲಿ ಅದ್ದಿ, ಉರುಳಿಸಿ ಉರುಳಿಸಿ ಮೂರು ಕಟ್ಟಿದಳು. ಸುಗುಣ ಒಂದು ಮೊರ ತುಂಬುವಷ್ಟು ಕರಿಬೇವು ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಮಾತು ದಾಟಿಸುವ ಕೆಲಸ ತನ್ನ ಕೈ ತಪ್ಪಿದ್ದು ಅವಳಿಗೆ ಗೊತ್ತಾಗಿತ್ತು.

"ಅತ್ತೆ, ಮಗೂನ ಯಾವಾಗ..."

"ರಜ ಬರ್ಲಿ. ಆಮ್ಯಾಕೆ ಬಂದು ಕೇಳು. ನೀನೇ ಬಂದು ಕೇಳು, ಯಾರ ಕೈಯಾಗೂ ಏಳಿ ಕಳಿಸ್ಬ್ಯಾಡ." ಅವಳು ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಇಷ್ಟು ಭಾನುವಾರಗಳಲ್ಲಿ ತಟ್ಟೆ ತಂದಿಡುತ್ತಿದ್ದದ್ದು ಸುಗುಣ, ಬಡಿಸುತ್ತಿದ್ದದ್ದೂ ಅವಳೇ, ಚೆಲ್ಲಾಡಿಕೊಂಡು. "ಕುಂತ್ಕೋ ಸರಿಯಾಗಿ. ಊಟ ಮಾಡು."

ಮುದ್ದೆ ತಟ್ಟೆಗೆ ಬಿತ್ತು. ಕದಿರಮ್ಮ ಹುರುಳಿ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಗ್ಗಿಸಿದಳು. ಆ ಮನೆಯಲ್ಲಿ ಬಡಿಸುವವರು ತಾವಾಗಿ ನಿಲ್ಲಿಸುವ ಪದ್ಧತಿಯಿಲ್ಲ. ಉಣ್ಣುವವರು ಕೈ ಅಡ್ಡ ಹಿಡಿದು ಚಾಲು ಅನ್ನಬೇಕು, ಆಗ ನಿಲ್ಲಿಸುವುದು. ಮದುವೆಯಾದ ಹೊಸದರಲ್ಲಿ ಇದು ತಿಳಿಯದೆ ಅವನು ಸುಮ್ಮನೆ ಕೂತಿದ್ದಾಗ ಆದಿಲಕ್ಷ್ಮಿ ಬಾಗಿಲ ಸಂದಿಯಿಂದ ಚಾಲು ಅನ್ನಿ, ಚಾಲು ಅನ್ನಿ ಎಂದು ಪಿಸುಗುಟ್ಟಿದ್ದಳು.

ಸಾ‌ರು ಮುದ್ದೆಯ ಸುತ್ತ ತುಂಬಿತು. ಮುದ್ದೆಯ ಸೊಂಟದವರೆಗೆ ಬಂತು. ಕದಿರಮ್ಮ ಅವನ ಬಾಯನ್ನು ನೋಡುತ್ತ ಸುರಿಯುತ್ತಿದ್ದಳು. ಅವನ ಕೈ ತೊಡೆಯ ಮೇಲಿತ್ತು. ಮಾತು ನಾಲಗೆಯ ಮೇಲೇ ಇತ್ತು, ಎರಡಕ್ಷರ.

"ಅಪ್ಪಾ," ಎಂದಳು ಸುಗುಣ, "ಚಾಲು ಅನ್ನಪ್ಪ. ಚೆಲ್ಲತ್ತೆ."

ಸಾ‌ರು ತಟ್ಟೆಯ ಅಂಚು ದಾಟಿತು. ನೆಲದ ಮೇಲೆ ಸಣ್ಣ ಗೆರೆಯಾಗಿ ಹರಿದು ಹೊಸ್ತಿಲ ಕಡೆ ಬಂತು. ಸುಗುಣ ಕರಿಬೇವನ್ನು ಎದೆಗೆ ಅವಚಿಕೊಂಡು, ಒಂದು ಕಾಲನ್ನು ಮೇಲೆತ್ತಿ, ಸಾರು ಹರಿದು ಹೋಗಲು ದಾರಿ ಬಿಟ್ಟಳು.